ಆಶೀರ್ವಾದದ ಪಟ್ಟು

ಸವಿತಾಳ ಒಂದೇ ಒದೆತಕ್ಕೆ ನನ್ನ ಮೊಮ್ಮಗಳು ಪಲ್ಲವಿ ಮ್ಯಾಟ್ ದಾಟಿ, ನಾನು ಕುಳಿತಿದ್ದ ಕುರ್ಚಿಯ ಬುಡಕ್ಕೇ ಬಂದು ಬಿದ್ದಳು. ಜಮಖಂಡಿಯ ಆ ಕರಾಟೆ ಕ್ಲಾಸಿನಲ್ಲಿ ಇದಕ್ಕೆ ‘ಪ್ರಾಕ್ಟೀಸ್’ ಎಂದು ಹೆಸರು!

“ನಾಳಿಂದ ನಾ ಬರೂದಿಲ್ಲ, ಆಯಿ,” ಎಂದು ಪಲ್ಲವಿ ತುಟಿಯ ರಕ್ತ ಒರೆಸಿಕೊಂಡಳು. ಸೈಕಲ್ ಹತ್ತಲೂ ಹೆದರುತ್ತಿದ್ದ ಹುಡುಗಿ ಇಲ್ಲಿಗೆ ಮಾತ್ರ ತಾನಾಗಿಯೇ ಓಡಿ ಬರುತ್ತಿದ್ದಳು. ಅದೂ ತಪ್ಪುತ್ತದಲ್ಲ ಎಂದು ನನಗೆ ಸಂಕಟ. ಮಾಸ್ತರರು “ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ” ಎಂದು ಮತ್ತೆ ಫೋನಿಗೆ ಅಂಟಿಕೊಂಡರು.

ನಾನು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಮ್ಯಾಟ್ ಮೇಲೆ ನಿಂತೆ. “ಕಮ್ ಆನ್ ತಂಗಿ, ಈಗ ನನ್ನ ಜೋಡಿ ಆಡು ನೋಡೂನು!”

ಸವಿತಾ ಹುನ್ನೂರಿನ ಮರ್ಯಾದಸ್ಥ ಮನೆಯ ಹುಡುಗಿ. ಎದುರಿಗೆ ನರೆತ ತಲೆ ಕಂಡದ್ದೇ ಅಭ್ಯಾಸಬಲದಿಂದ ಕಾಲು ಮುಟ್ಟಲು ಬಗ್ಗಿದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಇಟ್ಟ ಕೈ ತೆಗೆಯಲಿಲ್ಲ. ಹಿರಿಯರು ಹರಸುತ್ತಿರುವಾಗ ಏಳುವುದಾದರೂ ಹೇಗೆ?

“ನೂರು ವರ್ಷ ಬಾಳು. ಛಲೋ ಗಂಡ ಸಿಗಲಿ. ಅತ್ತಿ ಮನಿಯವರು...”

“ಅಮ್ಮಾರ, ಸೊಂಟ ಹಿಡ್ಯಾಕತ್ತೈತ್ರಿ!”

“ನನ್ನ ಮೊಮ್ಮಗಳನ್ನ ಮೆತ್ತಗ ಹೊಡೀತಿಯೇನು?”

“ಹೂನ್ರಿ, ನಿಮ್ಮಾಣಿರಿ!”

ಪಲ್ಲವಿ ಒಡೆದ ತುಟಿಯಲ್ಲೇ ಬಿದ್ದುಬಿದ್ದು ನಕ್ಕಳು. ಮರುದಿನ ನನಗಿಂತ ಮೊದಲೇ ರೆಡಿಯಾಗಿ ಬಾಗಿಲಲ್ಲಿ ನಿಂತಿದ್ದಳು.

ಕಾನ್ವೆಂಟಿನಲ್ಲಿ ನನಗೆ ಎಂಬ್ರಾಯ್ಡರಿ, ಪಿಯಾನೊ, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದರು. ಎದುರಾಳಿಯನ್ನು ಬಗ್ಗಿಸಿ ಹಿಡಿಯುವ ಸುಖವನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದು ಮೊಣಕಾಲು ನೋಯುವ ಈ ವಯಸ್ಸಿನಲ್ಲಿ ಸಿಕ್ಕಿತಲ್ಲ ಎಂಬುದೊಂದೇ ಬೇಸರ.