ನೀರಜಾ ಎತ್ತದ ಫೋನು

ನನ್ನ ಸೊಸೆ ನೀರಜಾ ಧಾರವಾಡದ ಹುಡುಗಿ. ಧನಕವಡಿಯ ನಮ್ಮ ಮನೆಯಲ್ಲಿ ಕೂತು, ಎಳೆಗೂಸುಗಳ ತಂದೆತಾಯಿಗೆ ಆನ್‌ಲೈನ್ ಪಾಠ ಹೇಳುತ್ತಾಳೆ. ಕೂಸಿಗೆ ಯಾವಾಗ ಹಸಿವು, ಯಾವಾಗ ಸಾಕಾಯಿತು, ಯಾಕೆ ಮುಖ ತಿರುಗಿಸಿತು, ಇದನ್ನೆಲ್ಲ ಗುರುತಿಸುವ ಪಾಠ. ಹಡೆದು ಬೆಳೆಸಿದ ನನಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಅಯ್ಯ, ಇದಕ್ಕೂ ಒಂದು ಕ್ಲಾಸೇ?

ಅವತ್ತು ಮಾತ್ರ ನಗು ಬರಲಿಲ್ಲ. ಅವಳ ಕ್ಲಾಸಿನ ಅಭಿಲಾಷ, ಮೈಸೂರಿನ ಹುಡುಗ, ನಮ್ಮೂರಿನದೇ ಖಡಕಿಯ ತನ್ನ ಮನೆಯಿಂದ ವಿಡಿಯೋ ಕಾಲ್ ಮಾಡಿದ್ದ. ಹೆಂಡತಿ ಇಂಪನಾ ಅಪೆಂಡಿಕ್ಸ್ ಆಪರೇಷನ್ನಾಗಿ ಆಸ್ಪತ್ರೆಯಲ್ಲಿದ್ದಳು. ಮಗಳು ಚಿನ್ನು, ಮೊಲೆಹಾಲು ಮಾತ್ರ ಕಂಡ ಕೂಸು, ಬೆಳಗಿನಿಂದ ಬಾಟಲಿ ಮುಟ್ಟಿರಲಿಲ್ಲ. ಡಾಕ್ಟರು ನೋಡಿ, ಜಡ್ಡೇನಿಲ್ಲ, ಆದರೆ ಸಂಜೆಯೊಳಗೆ ಕುಡಿಯದಿದ್ದರೆ ಸಲೈನ್ ಹಚ್ಚಬೇಕಾಗುತ್ತದೆ ಎಂದಿದ್ದರಂತೆ. ಸಂಜೆ ಆಗುತ್ತಾ ಬಂದಿತ್ತು.

ಕೂಸು ಅತ್ತು ಅತ್ತು ಕೆಂಪಾಗಿತ್ತು.

"ಬಾಟಲ್ ಎಷ್ಟು ಓರೆ ಮಾಡ್ಬೇಕು ಮೇಡಂ? ಹೀಗೆ ಕರೆಕ್ಟಾ?"

"ನನ್ನ ನೋಡಬ್ಯಾಡ್ರಿ, ಅಕೀನ್ನ ನೋಡ್ರಿ," ಎಂದಳು ನೀರಜಾ.

"ಸರಿ ಮೇಡಂ," ಎಂದವನು ಮತ್ತೆ ಪರದೆಯನ್ನೇ ನೋಡಿದ. ಬಾಟಲಿ ಕೂಸಿನ ಗಲ್ಲಕ್ಕೆ ತಿವಿಯಿತು. ಕೂಸು ಚೀರಿತು.

"ನಾ ಈಗ ಫೋನ್ ಇಡ್ತೀನ್ರಿ. ಅಕಿ ತಾನಾಗೇ ಬಾಯಿ ತೆರೆಯೋತನಕಾ ಒತ್ತಬ್ಯಾಡ್ರಿ. ಬರೇ ಮುಖಾ ನೋಡ್ರಿ." ಇಟ್ಟೇ ಬಿಟ್ಟಳು!

ಫೋನು ಕೂಡಲೇ ಬಡಿದುಕೊಳ್ಳತೊಡಗಿತು. ಅವಳು ಮುಟ್ಟಲಿಲ್ಲ.

"ಎತ್ತು, ನೀರಜಾ! ಕೂಸು ಹಸ್ದು ಒದ್ದಾಡಲಿಕ್ಕತ್ತದ, ನಿಂದೇನ ಕಲ್ಲಿನ ಎದಿ?"

"ಎತ್ತಿದ್ರ ಮತ್ತ ನನ್ನನ್ನೇ ನೋಡ್ತಾರ್ರಿ, ಅತ್ತ್ಯಾರ."

ಫೋನು ನಿಂತಿತು. ಮತ್ತೆ ಬಡಿದುಕೊಂಡಿತು. ಆಮೇಲೆ ಸುಮ್ಮನಾಯಿತು. ಅದು ಸುಮ್ಮನಾದದ್ದೇ ತಡ, ನಾನು ಎದ್ದು ಚಪ್ಪಲಿ ಮೆಟ್ಟಿದೆ. ರಿಕ್ಷಾ ಹಿಡಿದು ಹೋಗೋಣವೆಂದರೆ ಖಡಕಿ ಊರಿನ ಆ ತುದಿ, ಅದೂ ಆಫೀಸು ಬಿಡುವ ಹೊತ್ತು. "ಏನರ ಆದ್ರ ನಿನ್ನ ಜೋಡಿ ಮಾತಾಡಂಗಿಲ್ಲ ನೋಡು!" ಎಂದು ಬೈದೆ. ನೀರಜಾ ಅಳುತ್ತಿದ್ದಳು. ಆದರೂ ಅವನಿಗೆ ತಿರುಗಿ ಫೋನು ಮಾಡಲಿಲ್ಲ.

ಹೊರಗೆ ಕತ್ತಲಾಗುವಾಗ ಮತ್ತೆ ಬಂತು. ಇಷ್ಟು ಹೊತ್ತು ಬಿಟ್ಟು ಬಂದ ಫೋನು, ಏನೋ ಕೇಳಲಿಕ್ಕಲ್ಲ, ಹೇಳಲಿಕ್ಕೇ ಇರಬೇಕು. ಈ ಸಲ ಎತ್ತಿದಳು. ಅಳು ಕೇಳಿಸಲಿಲ್ಲ. ಚಿನ್ನು ಅಪ್ಪನ ತೋಳಲ್ಲಿ ತೂಕಡಿಸುತ್ತಿದ್ದಳು, ಬಾಟಲಿಯಲ್ಲಿ ಒಂದು ಗುಟುಕು ಉಳಿದಿತ್ತು.

"ಕುಡಿದ್ಬಿಟ್ಲು ಮೇಡಂ." ಅವನು ನಮ್ಮ ಕಡೆ ತಿರುಗಲೇ ಇಲ್ಲ. "ಬಾಟಲ್ ಕೆಳಗಿಟ್ಟು ಸುಮ್ನೆ ನೋಡ್ದೆ. ಅಳು ನಿಲ್ಲಿಸಿ ನನ್ನನ್ನೇ ನೋಡಿದ್ಲು. ಆಮೇಲೆ ತಾನಾಗೇ ಬಾಯಿ ತೆರೆದ್ಲು. ಬೆಳಗ್ಗಿಂದಾನೂ ಹೀಗೇ ನನ್ನನ್ನ ನೋಡ್ತಾ ಇದ್ಲಾ ಮೇಡಂ?"

"ಹೌದ್ರಿ," ಎಂದಳು ನೀರಜಾ.