ಖಣಿಯಲ್ಲಿ ನೆನೆಹಾಕಿದ ಸಮುದ್ರಯಂತ್ರ

ಶಹಾಬಾದಿನ ಪಕ್ಕದ ಭಂಕೂರಿನ ಧರ್ಮಣ್ಣ ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ. ಆದರೂ ಒಂದಿಡೀ ಬೇಸಿಗೆ ಸಮುದ್ರದ ವರದಿ ಕಳಿಸಿದ ಪುಣ್ಯಾತ್ಮ ಅವನೇ.

ಚಳಿಗಾಲದ ಕೊನೆಗೆ ಅವನ ಮನೆ ಮುಂದೆ ಒಂದು ಲಾರಿ ಕೆಟ್ಟು ನಿಂತಿತು. ಅದರಲ್ಲಿದ್ದದ್ದು ಕಾರವಾರಕ್ಕೆ ಹೊರಟ ಯಂತ್ರ. ಎಮ್ಮೆಕರುವಿನಷ್ಟು ದೊಡ್ಡ ಹಳದಿ ಗುಂಡು, ನೆತ್ತಿಯ ಮೇಲೊಂದು ಕಂಬ, ಕಂಬಕ್ಕೊಂದು ದೀಪ. ಸಮುದ್ರದಲ್ಲಿ ತೇಲುತ್ತ ಅಲೆ, ಬಿಸಿ, ಉಪ್ಪು ಅಳೆದು ಉಪಗ್ರಹದ ಮೂಲಕ ಕಚೇರಿಗೆ ತಿಳಿಸುವುದು ಅದರ ಕೆಲಸ. ಚಾಲಕ ಹಾಜಿಮಲಂಗ್ ಅದನ್ನು ಧರ್ಮಣ್ಣನ ಅಂಗಳಕ್ಕೆ ಇಳಿಸಿದ.

"ಮಾಮಾ, ಇದು ಅಮಾನತ್ ಅದ ನೋಡ್ರಿ. ನಾ ಬರೋತನಕ ಜ್ವಾಪಾನ ಮಾಡ್ರಿ," ಎಂದು ಬೇರೆ ಲಾರಿ ತರಲು ಹೋದವನು ಕಾಮಾಲೆಯಾಗಿ ಮಲಗಿಬಿಟ್ಟ. ಫೋನೂ ಬಂದ್.

ಅಮಾನತ್ ಎಂದರೆ ನಂಬಿ ಇಟ್ಟುಹೋದ ಮಾಲು. ಅದನ್ನು ಇಟ್ಟ ಕೈಗೇ ಮರಳಿಸಬೇಕು. ಧರ್ಮಣ್ಣನಿಗೆ ಇದರ ಮುಂದೆ ಊಟ ನಿದ್ದೆ ಯಾವುದೂ ದೊಡ್ಡದಲ್ಲ.

ಇದೇ ಹೊತ್ತಿಗೆ ಕಾರವಾರದಲ್ಲಿ ನರ್ಸ್ ಆಗಿರುವ ಮಗಳು ಪೂನಮ್ ಹೆಣ್ಣು ಹೆತ್ತಳು. ಬಾಣಂತನಕ್ಕೆಂದು ಹೆಂಡತಿ ಯಂಕಮ್ಮ ಮೊದಲೇ ಅಲ್ಲಿಗೆ ಹೋಗಿದ್ದಳು. "ಅಪ್ಪ ಬರಲಾರ್ದೆ ಕೂಸಿಗೆ ಹೆಸರು ಇಡಂಗಿಲ್ಲ," ಎಂದು ಪೂನಮ್ ಹಟ ಹಿಡಿದಳು. ಅಪ್ಪನೋ ಅಮಾನತ್ ಬಿಟ್ಟು ಏಳಲೊಲ್ಲ.

"ಮೊಮ್ಮಗಳು ನಗಾಕತ್ಯಾಳ, ಇನ್ನಾ ಹೆಸರಿಲ್ಲ. ನೀ ಆ ಹಳದಿ ಬುರುಡಿನೇ ಕಾಯಿ!" ಎಂದು ಯಂಕಮ್ಮ ಫೋನಿನಲ್ಲೇ ಜಾಡಿಸಿದಳು. ಧರ್ಮಣ್ಣ ಆ ರಾತ್ರಿ ಉಣ್ಣಲಿಲ್ಲ. ಕೂಸಿನ ಮುಖ ನೋಡಲು ಅವನ ಜೀವ ಒದ್ದಾಡುತ್ತಿತ್ತು.

ಅಷ್ಟರಲ್ಲಿ ಬಿಸಿಲು ಏರಿತ್ತು. ಬಂಡಿಗಾಲಿಯ ಕಟ್ಟಿಗೆ ಒಣಗಿ ಸಡಿಲಾದರೆ ಇಲ್ಲಿ ನೀರಲ್ಲಿ ನೆನೆಹಾಕುವುದು ರೂಢಿ. ಯಂತ್ರವೂ ಬಿರಿದೀತೆಂದು ಹೆದರಿದ ಧರ್ಮಣ್ಣ ಆಳುಗಳನ್ನು ಕೂಡಿಸಿ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟ ಹಳೆ ಖಣಿಯ ನೀರಿಗೆ ಅದನ್ನು ಇಳಿಸಿದ. ಎಮ್ಮೆ ಕಟ್ಟುವ ಹಗ್ಗದಿಂದ ಬೇವಿನ ಮರಕ್ಕೆ ಬಿಗಿದ.

ನೀರು ತಾಗಿದ್ದೇ ತಡ, ಯಂತ್ರ ಎಚ್ಚರಾಗಿ ಕೆಲಸಕ್ಕೆ ಹತ್ತಿತು. ದೂರದ ಕಚೇರಿಯ ನಕಾಶೆಯಲ್ಲಿ ಶಹಾಬಾದಿನ ಪಕ್ಕ ಒಂದು ಸಮುದ್ರ ಹುಟ್ಟಿತು. ಅದರಲ್ಲಿ ಉಪ್ಪೇ ಇಲ್ಲ. ದಿನಾ ಮಧ್ಯಾಹ್ನ ಊರ ಎಮ್ಮೆಗಳು ಇಳಿದಾಗ ಭಾರಿ ಅಲೆ, ಎದ್ದುಹೋದರೆ ಎಲ್ಲ ಶಾಂತ. ಭಾನುವಾರವೂ ರಜೆ ಮಾಡದ ಈ ಅಲೆಗಳ ಬಗ್ಗೆ ಪಂಡಿತರು ಸಭೆ ಮೇಲೆ ಸಭೆ ನಡೆಸಿದರು. ಕೊನೆಗೆ ಯಾರಿಗೋ ಬುದ್ಧಿ ಬಂದು ಸೇಡಂ ಕಡೆಯವಳೇ ಆದ ಅಧಿಕಾರಿ ಶ್ರೀವಾಣಿಯನ್ನು ಕಳಿಸಿದರು.

"ಕಾಕಾ, ಇದು ನಮ್ಮ ಕಚೇರಿದೇ ಅದರಿ. ಇಲ್ನೋಡ್ರಿ, ಸಿಕ್ಕಾ ಅದ," ಎಂದು ಶ್ರೀವಾಣಿ ಯಂತ್ರದ ಮೇಲಿನ ಮುದ್ರೆ ತೋರಿಸಿದಳು.

"ಸಿಕ್ಕಾ ಬಂದು ಇಟ್ಟುಹೋಗಿಲ್ರಿ ಮೇಡಮ್ಮಾರ. ಹಾಜಿಮಲಂಗ್ ಇಟ್ಟುಹೋಗ್ಯಾನ. ಅಂವನ ಕೈಗೇ ಕೊಡ್ತೀನಿ."

ಶ್ರೀವಾಣಿ ಕಾನೂನು ಹೇಳಿದಳು, ಕೈ ಮುಗಿದಳು. ಧರ್ಮಣ್ಣ ಚಹಾ ಕೊಟ್ಟ, ಹಗ್ಗ ಕೊಡಲಿಲ್ಲ. ಸೋತ ಆಕೆ ಚಾಲಕನ ಊರಾದ ಕಾಳಗಿಯ ತನಕ ಜೀಪು ಓಡಿಸಿ, ಆಗಷ್ಟೇ ಎದ್ದು ಕೂಡುತ್ತಿದ್ದ ಹಾಜಿಮಲಂಗನನ್ನು ಹುಡುಕಿ ತಂದಳು. ಧರ್ಮಣ್ಣ ಖಣಿಯ ದಂಡೆಯಲ್ಲಿ ಹಗ್ಗ ಬಿಚ್ಚಿ ಅವನ ಕೈಗಿಟ್ಟ. ಅವನು ಅದನ್ನು ಪಕ್ಕದಲ್ಲೇ ನಿಂತ ಶ್ರೀವಾಣಿಯ ಕೈಗಿಟ್ಟ. ಇಷ್ಟಕ್ಕಾಗಿ ಒಂದು ಬೇಸಿಗೆ ಕಳೆದಿತ್ತು.

ಮರುದಿನ ಯಂತ್ರ ಹೊತ್ತ ಲಾರಿಯಲ್ಲೇ ಧರ್ಮಣ್ಣ ಕಾರವಾರಕ್ಕೆ ಹೋದ. ಕೂಸಿಗೆ ಹೆಸರಿಟ್ಟರು. ಡ್ಯೂಟಿಗೆ ಹೊರಟ ಪೂನಮ್ ಕೂಸನ್ನು ಅಪ್ಪನ ತೋಳಿಗೆ ಕೊಟ್ಟು, "ನಾ ಬರೋತನಕ ಜ್ವಾಪಾನ," ಎಂದಳು. ಸ್ವಲ್ಪ ಹೊತ್ತಿಗೆ ಯಂಕಮ್ಮ, "ಕೊಡಿಲ್ಲಿ, ಕೈ ಸೋತಿರಬೇಕು," ಎಂದು ಬಂದಳು.

ಧರ್ಮಣ್ಣ ಕೂಸನ್ನು ಇನ್ನಷ್ಟು ಎದೆಗೊತ್ತಿಕೊಂಡ. ಅವನ ಕಣ್ಣುಗಳು ತುಂಬಿದ್ದವು.

"ನೀ ಇಟ್ಟುಹೋಗಿಲ್ಲ. ಪೂನಮ್ ಇಟ್ಟುಹೋಗ್ಯಾಳ. ಅಕಿ ಕೈಗೇ ಕೊಡ್ತೀನಿ."