ಸಾರಾಯಿ ಕ್ಯಾನಿನ ಮಜ್ಜಿಗೆ

ಖಾನಾಪುರದ ಸಾರಾಯಿ ಅಂಗಡಿ ಮುಂದೆ ಹೆಂಗಸರು ಕಸಬರಿಗೆ ಹಿಡಿದು ನಿಂತರು. ಆಮೇಲೆ ಅಂಗಡಿಯ ಗುತ್ತೇದಾರನಿಗೆ ಊರ ಹುಡುಗರ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿತು. ನಮ್ಮ ತಾಲೀಮು ಮನೆಯ ಕುಸ್ತಿ ಕಣಕ್ಕೆ ಹೊಸ ಕೆಮ್ಮಣ್ಣು ಹಾಕಿಸಿದ. ಬಾಗಿಲ ಮೇಲೆ ಫಲಕ ಹೊಡೆಸಿದ: ‘ಕುಡಿತ ಬಿಡಿ, ಮೈ ಕಟ್ಟಿ.’ ಕೆಳಗೆ ಅವನ ಹೆಸರು. ಬುದ್ಧಿಮಾತಿಗಿಂತ ಹೆಸರೇ ದೊಡ್ಡದು.

ಕಣದ ಮಣ್ಣು ಮೆತ್ತಗಾಗಲು ಮಜ್ಜಿಗೆ, ಎಣ್ಣೆ ಹಾಕಿ ಕಲಸುತ್ತಾರೆ. ಮಜ್ಜಿಗೆಯನ್ನೂ ಅವನೇ ಕಳಿಸಿದ, ಅಂಗಡಿಯ ಸಾರಾಯಿ ಕ್ಯಾನುಗಳಲ್ಲಿ. ಅವನ್ನು ತೊಳೆಯುವಷ್ಟು ಧರ್ಮ ಅವನಲ್ಲಿರಲಿಲ್ಲ. ಕುಸ್ತಿ ಕಲಿಸುವ ವಸ್ತಾದರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ.

“ಮಜ್ಜಿಗಿ ಭಾಳ ಹುಳಿ ಬಂದೈತಿ, ಕಲಸ್ರಲೇ” ಅಂದರು.

ವಾಸನೆ ಗೊತ್ತಿದ್ದ ಹುಡುಗರು ಬಾಯಿ ಬಿಡಲಿಲ್ಲ. ಬಿಟ್ಟರೆ ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾರಲ್ಲ! ನನಗಂತೂ ತಿಳಿಯಲಿಲ್ಲ. ಕುಡಿದು ಕುಡಿದು ಅಪ್ಪ ಸತ್ತಾಗ ನಾನು ತೊಟ್ಟಿಲಲ್ಲಿದ್ದೆ. ಹನಿ ಮುಟ್ಟಿದರೆ ಕುಸ್ತಿ ಬಂದ್ ಅಂತ ಅವ್ವ ಆಣೆ ಹಾಕಿಸಿಯೇ ತಾಲೀಮಿಗೆ ಕಳಿಸಿದ್ದಳು.

ಅವತ್ತು ಮನೆಗೆ ಹೋದೆ. ಅವ್ವ ಹತ್ತಿರ ಬಂದು ಮೂಸಿದಳು.

“ನಿಮ್ಮಪ್ಪನ ಹಾದಿ ಹಿಡದೀ? ನಾಳಿಂದ ತಾಲೀಮು ಬಂದ್.”

“ಯವ್ವಾ, ನಾ ಕುಡದಿಲ್ಲ. ಮಣ್ಣಿನ ವಾಸನಿ ಅದು.”

“ಹೌದೌದು, ಮಣ್ಣ ಕುಡದು ಬಂದೈತಿ!”

ಕುಸ್ತಿ ಬಿಟ್ಟರೆ ನನಗೆ ಇನ್ನೇನೂ ಬರುತ್ತಿರಲಿಲ್ಲ. ಅವ್ವನ ಕೈ ಹಿಡಿದು ತಾಲೀಮಿಗೆ ಎಳೆದುಕೊಂಡು ಹೋದೆ. ತಾಲೀಮಿನ ಹೊಸ್ತಿಲು ಹೆಂಗಸರು ದಾಟುವಂತಿಲ್ಲ. ಅವ್ವ ಹೊರಗೇ ನಿಂತಳು. ವಸ್ತಾದರು ಒಂದು ಮುಷ್ಟಿ ಮಣ್ಣು ತಂದು ಅವಳ ಮುಂದೆ ಹಿಡಿದರು. ಅವ್ವ ಮೂಸಿ ಮುಖ ಆಚೆ ತಿರುಗಿಸಿದಳು.

“ಇದ ವಾಸನಿರೀ ವಸ್ತಾದರ. ಇದರ ಕೂಡ ಸಂಸಾರ ಮಾಡೇನಿ, ನನಗ ಗೊತ್ತಿಲ್ಲೇನು? ಈ ಮಣ್ಣಾಗ ನನ್ನ ಮಗ ಇಳಿಯಂಗಿಲ್ಲ.”

ವಸ್ತಾದರು ತಮ್ಮ ಕೈಯನ್ನೇ ಮೂಸಿಕೊಂಡರು. ಹನುಮಪ್ಪನ ಫೋಟೋ ಕಡೆ ನೋಡಿ ಗಲ್ಲ ಗಲ್ಲ ಬಡಿದುಕೊಂಡರು.

“ತೋಡ್ರಲೇ ಎಲ್ಲಾ!”

ಮರುದಿನ ಚಕ್ಕಡಿಯಲ್ಲಿ ಮಣ್ಣು ಹೇರಿ ಸಾರಾಯಿ ಅಂಗಡಿ ಬಾಗಿಲಿಗೇ ಸುರಿದೆವು. ಮೇಲೆ ಅವನದೇ ಫಲಕ ಕಿತ್ತು ತಂದು ನೆಟ್ಟೆವು. ಗುತ್ತೇದಾರ ಓಡಿ ಬಂದ.

“ಗಿರಾಕಿ ಹೆಂಗ ಒಳಗ ಬರಬೇಕೋ?”

“ಬೋರ್ಡ್ ಓದಿ ಹೊಳ್ಳಿ ಹೋಗ್ತಾರ ಬಿಡ್ರಿ, ನೀವ ಬರಸೀರಿ” ಅಂದೆ.

ಹೊಳೆದಂಡೆಯಿಂದ ನಾವೇ ಬೇರೆ ಮಣ್ಣು ಹೊತ್ತು ತಂದೆವು. ಅವ್ವ ಮತ್ತೆ ಕಳಿಸಿದಳು. ಆದರೂ ದಿನಾ ತಾಲೀಮಿನಿಂದ ಬಂದ ಕೂಡಲೇ ಮೊದಲು ನನ್ನನ್ನು ಮೂಸುತ್ತಾಳೆ, ಆಮೇಲೆ ರೊಟ್ಟಿ.